ದಡದಕ್ಕ ಹುಡುಕಿದ ದೋಣಿ

ನಮ್ಮ ಅತ್ತಿಗೆಗೆ ಹುಚ್ಚು ಹಿಡಿದಿದೆ ಎಂದು ಊರಲ್ಲಿ ಮೊದಲು ಹೇಳಿದವಳು ನಾನೇ. ಬೇರೆ ಯಾರ ಮೇಲಾದರೂ ಹಾಕಿ ಜಾರಿಕೊಳ್ಳಬಹುದಿತ್ತು. ಆದರೆ ತಲೆ ನರೆತ ಮೇಲೆ ಸುಳ್ಳು ಹೇಳಿ ನಾನು ಗುಡ್ಡೆ ಹಾಕಿಕೊಳ್ಳುವುದೇನಿದೆ? ಬೆಳಗಾಗುತ್ತಲೇ ಬುಟ್ಟಿ ಸೊಂಟಕ್ಕೇರಿಸಿ ಕೆರೆಯ ದಡಕ್ಕೆ ಹೋಗುವುದು, ಅಲೆ ತಂದು ಬಿಸಾಕಿದ ಕಸವನ್ನೆಲ್ಲ ಕೋಲಿನಿಂದ ಕೆದಕುತ್ತ ಎರಡು ಮೈಲಿ ನಡೆಯುವುದು, ಬಿಸಿಲೇರುವ ಹೊತ್ತಿಗೆ ಏನಾದರೊಂದು ಹೊತ್ತುಕೊಂಡು ಬರುವುದು. ಇಪ್ಪತ್ತೆರಡು ವರ್ಷ ಒಂದು ದಿನ ತಪ್ಪಿಸಲಿಲ್ಲ, ಜ್ವರ ಬಂದಾಗಲೂ. ಊರಿನವರು ಅವಳಿಗೆ ದಡದಕ್ಕ ಎಂದು ಹೆಸರಿಟ್ಟರು. ಅಂಚೆಯವನೂ ಹಾಗೆಯೇ ಕರೆಯುತ್ತಿದ್ದ. ಅವಳು ನನಗಿಂತ ಎರಡೇ ವರ್ಷಕ್ಕೆ ದೊಡ್ಡವಳು. ಹೋಗಿ-ಬನ್ನಿ ಎಂಬ ಮರ್ಯಾದೆಯೆಲ್ಲ ನಮ್ಮಿಬ್ಬರ ನಡುವೆ ಮೊದಲ ತಿಂಗಳಿಗೇ ಮುಗಿದಿತ್ತು.

ಅವಳಿಗೆ ಸಿಗುತ್ತಿದ್ದ ವಸ್ತುಗಳೋ, ದೇವರೇ! ಒಮ್ಮೆ, ನೀರಿನಲ್ಲಿ ಮುಳುಗಿದ್ದ ಕೊಂಬೆಗೆ ಅಂಟಿಕೊಂಡಿದ್ದ, ಕುಂಬಳಕಾಯಿ ಗಾತ್ರದ ಲೋಳೆ ಉಂಡೆಯೊಂದನ್ನು ತಂದಳು. ಮುಟ್ಟಿದರೆ ತಣ್ಣಗೆ, ಒತ್ತಿದರೆ ಗಟ್ಟಿ, ಮೈತುಂಬ ಸಣ್ಣ ಸಣ್ಣ ಚುಕ್ಕೆ. ಯಾವುದೋ ಪ್ರಾಣಿಯ ಮಿದುಳು ಎಂದು ಬೀದಿಯ ಹೆಂಗಸರು ಬಾಗಿಲು ಹಾಕಿಕೊಂಡರು. ವರ್ಷಕ್ಕೆರಡು ಸಲ ಕೆರೆಯ ನೀರನ್ನು ಪರೀಕ್ಷೆಗೆ ತುಂಬಿಕೊಂಡು ಹೋಗಲು ಸರ್ಕಾರದ ಮನುಷ್ಯನೊಬ್ಬ ಬರುತ್ತಿದ್ದ. ಅವನನ್ನು ನಾವು ಸೀಸೆ ಸಾಹೇಬ ಎನ್ನುತ್ತಿದ್ದೆವು. ಅವನು ಅದನ್ನು ನೋಡಿ ಕುಣಿದಾಡಿಬಿಟ್ಟ. "ಇದು ಒಂದು ಜೀವ ಅಲ್ಲಮ್ಮ, ಸಾವಿರಾರು ಪುಟ್ಟ ಜೀವಗಳು ಒಟ್ಟಿಗೆ ಸಂಸಾರ ಮಾಡ್ಕೊಂಡಿವೆ," ಎಂದ.

"ಸಾವಿರ ಜನ ಒಂದೇ ಮನೇಲಾ? ನಮ್ಮನೇಲಿ ಮೂರು ಜನಕ್ಕೇ ಹೊಂದಾಣಿಕೆ ಇಲ್ಲ," ಎಂದೆ ನಾನು. ಸಾಹೇಬ ನಕ್ಕ. ಅತ್ತಿಗೆ ನಗಲಿಲ್ಲ.

ಇನ್ನೊಮ್ಮೆ ಅಲೆಗಳು ಉರುಳಿಸಿ ಉರುಳಿಸಿ ಉಂಡೆ ಕಟ್ಟಿದ ಬೇರಿನ ಚೆಂಡುಗಳನ್ನು ತಂದಳು. ನೂರಾರು, ಎಲ್ಲವೂ ಒಂದೇ ಅಳತೆಯವು, ಕೂತು ಯಾರೋ ಸುತ್ತಿದ ಹಾಗೆ. ಕಾಲಿಗೆ ಅಂಕಿ ಬರೆದ ತಗಡಿನ ಬಳೆಯಿದ್ದ ಸತ್ತ ಹಕ್ಕಿ ಸಿಕ್ಕಿತು. ಅದು ಹಾರಿಬಂದ ದೇಶದ ಹೆಸರು ನಮ್ಮ ಬಾಯಲ್ಲಿ ತಿರುಗಲಿಲ್ಲ. ಆಲಿಕಲ್ಲು ಬಿದ್ದ ಮರುದಿನ ತಲೆಯೊಡೆದ ಬಾತುಗಳನ್ನು ಬುಟ್ಟಿ ತುಂಬ ತಂದಳು. ಒಂದು ಸಲ ಕೆರೆಯ ನಡುವೆ ನೀರಿನ ಕಂಬವೆದ್ದು ನಮ್ಮ ಹಂಚಿನ ಮೇಲೆಲ್ಲ ಬೆರಳುದ್ದದ ಮೀನು ಸುರಿದಾಗ, ಊರೆಲ್ಲ ಪಾತ್ರೆ ಹಿಡಿದು ಓಡಿದರೆ ಇವಳು ದಡಕ್ಕೆ ಓಡಿದಳು. ಮೋಡ ಕವಿದು ನಾಲ್ಕು ದಿನ ಗಾಳಿಯಾಡದೆ, ಐದನೆಯ ಬೆಳಿಗ್ಗೆ ಕೆರೆಯ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದಾಗ ನಾವೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಕೂತಿದ್ದೆವು. ಇವಳೊಬ್ಬಳು ಆ ನಾತದಲ್ಲಿ ಮೊಣಕಾಲುದ್ದ ಸತ್ತ ಮೀನನ್ನು ಸರಿಸುತ್ತ, ಕೆಳಗೆ ಬೇರೇನಾದರೂ ಇದೆಯೇ ಎಂದು ನೋಡುತ್ತಿದ್ದಳು.

ಇದ್ಯಾವುದೂ ಅವಳಿಗೆ ಬೇಕಾದದ್ದಲ್ಲ. ಅವಳಿಗೆ ಬೇಕಾಗಿದ್ದದ್ದು ನನ್ನ ಅಣ್ಣನ ದೋಣಿ. ಇಡೀ ದೋಣಿಯೂ ಬೇಡ.

"ಒಂದೇ ಒಂದು ಹಲಗೆ ಸಿಕ್ಕರೆ ಸಾಕು ಕಣೇ," ಎಂದಿದ್ದಳು ಒಮ್ಮೆ. "ನಿಮ್ಮಣ್ಣ ನನ್ನ ಬಿಟ್ಟು ಓಡಿಹೋಗಲಿಲ್ಲ, ನೀರಲ್ಲಿ ಹೋದರು ಅಂತ ಈ ಊರಿಗೆ ತೋರಿಸ್ತೀನಿ. ಆಮೇಲೆ ಅಳ್ತೀನಿ. ಈಗ ಏನಂತ ಅಳಲಿ?"

ಅದು ನಿಜ. ಗಂಡ ಸತ್ತವಳೂ ಅಲ್ಲ, ಗಂಡ ಇದ್ದವಳೂ ಅಲ್ಲ. ಸತ್ತಿದ್ದರೆ ನಾಲ್ಕು ಜನ ಬಂದು ತಬ್ಬಿಕೊಳ್ಳುತ್ತಿದ್ದರು. ಓಡಿಹೋದವನ ಹೆಂಡತಿಯನ್ನು ಯಾರೂ ತಬ್ಬಿಕೊಳ್ಳುವುದಿಲ್ಲ. ಇವಳೇನು ಮಾಡಿದಳೋ ಎಂದು ಮುಖ ನೋಡುತ್ತಾರೆ.

ಆದದ್ದು ಹೀಗೆ. ನಮ್ಮ ಬೀದಿಯ ನಲವತ್ತು ಮನೆಗೂ ಕಸುಬು ಒಂದೇ, ಜೊಂಡು ಕೊಯ್ದು ಚಾಪೆ ಹೆಣೆಯುವುದು. ಕೆರೆಯ ಅಂಚಿನಲ್ಲಿ ಆಳೆತ್ತರ ಬೆಳೆಯುವ ಜೊಂಡು ನೆಲಕ್ಕೆ ಬೇರು ಬಿಟ್ಟಿರುವುದಿಲ್ಲ. ಅದರ ಬೇರುಗಳೇ ಒಂದಕ್ಕೊಂದು ಹೆಣೆದು, ಕೆಸರು ಹಿಡಿದು, ನೀರಿನ ಮೇಲೆ ದಪ್ಪ ಹಾಸಿಗೆಯಾಗಿರುತ್ತವೆ. ದೊಡ್ಡ ಗಾಳಿ ಬಂದರೆ ಆ ಹಾಸಿಗೆಯ ತುಂಡು ಕಿತ್ತುಕೊಂಡು, ಗೂಡಿನಲ್ಲಿರುವ ಹಕ್ಕಿಮೊಟ್ಟೆ ಸಮೇತ ಕೆರೆಯಲ್ಲಿ ತೇಲುತ್ತ ಹೊರಡುತ್ತದೆ. ನಾವು ಅದನ್ನು ತೇಲುಗಡ್ಡೆ ಎನ್ನುತ್ತೇವೆ. ಅದು ಯಾರ ಮನೆಯ ಹಿಂದಿನ ಕಲ್ಲುಕಟ್ಟೆಗೆ ಬಂದು ತಾಗಿದರೂ ಅವರದೇ ಎಂದೇನಿಲ್ಲ. ಯಾರು ಮೊದಲು ಅದಕ್ಕೆ ನಾಲ್ಕು ಗೂಟ ಹೊಡೆದು ಕೆರೆಯ ತಳಕ್ಕೆ ಸೇರಿಸಿ ನಿಲ್ಲಿಸುತ್ತಾರೋ ಅವರದು, ಅವರ ಮಕ್ಕಳದು. ಒಂದು ಒಳ್ಳೆಯ ಗಡ್ಡೆ ಸಿಕ್ಕಿತೆಂದರೆ ಒಂದು ಮನೆಗೆ ಬಾಳೆಲ್ಲ ಜೊಂಡು. ಗೂಟ ಹೊಡೆದ ಗಡ್ಡೆಯನ್ನು ಬೇರೆಯವರು ಮುಟ್ಟುವ ಹಾಗಿಲ್ಲ, ಹೊಡೆದವರೂ ಕೀಳುವ ಹಾಗಿಲ್ಲ.

ಅತ್ತಿಗೆ ಮದುವೆಯಾಗಿ ಬಂದು ಮೂರು ವರ್ಷವಾಗಿತ್ತು. ಒಂದು ಮಧ್ಯಾಹ್ನ ತವರಿಗೆ ಹೋಗುವ ವಿಷಯಕ್ಕೆ ಅವಳಿಗೂ ಅಣ್ಣನಿಗೂ ಮಾತಿಗೆ ಮಾತು ಬೆಳೆಯಿತು. ಅವಳದೂ ಎಲುಬಿಲ್ಲದ ನಾಲಿಗೆ, ಅವನದೂ ಮೂಗಿನ ತುದಿಯಲ್ಲೇ ಕೋಪ.

"ಈ ಮನೆಯಿಂದ ಒಬ್ಬರು ಹೋಗಲೇಬೇಕು, ಇಲ್ಲಾ ನಾನು, ಇಲ್ಲಾ ನೀವು!" ಎಂದು ಅವಳು ಬೀದಿಗೆ ಕೇಳುವಂತೆ ಕೂಗಿದಳು.

"ನಾನೇ ಹೋಗ್ತೀನಿ ಬಿಡು, ನೀನು ಸುಖವಾಗಿರು," ಎಂದು ಅವನು ದೋಣಿಯ ಗಳ ಎತ್ತಿಕೊಂಡು ಹೊರಟುಹೋದ.

ಅಕ್ಕಪಕ್ಕದವರು ಕೇಳಿ ನಕ್ಕರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರಲ್ಲ. ಆದರೆ ಅವನು ಉಣ್ಣಲು ಬರಲಿಲ್ಲ, ಮಲಗಲೂ ಬರಲಿಲ್ಲ. ಸಂಜೆಗೆ ಪಡುವಣ ಗಾಳಿ ಎದ್ದಿತು. ಅಂಥ ಗಾಳಿಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಶಾಲೆಯ ತಗಡಿನ ಮಾಡು ಹಾರಿ ಕೆರೆಯಲ್ಲಿ ಬಿತ್ತು.

ಬೆಳಕು ಹರಿಯುವ ಹೊತ್ತಿಗೆ ಅತ್ತಿಗೆ ಬರಿಗಾಲಲ್ಲಿ ದಡದುದ್ದಕ್ಕೂ ಓಡುತ್ತಿದ್ದಳು. ಅವಳು ಹಿತ್ತಿಲು ದಾಟಿದ ಸ್ವಲ್ಪ ಹೊತ್ತಿಗೆ ಅಮ್ಮ ಬಂದು ನನ್ನ ಹೊದಿಕೆ ಎಳೆದಳು. "ಏಳೇ, ಬೇಗ ಏಳು! ನಮ್ಮ ಕಟ್ಟೆಗೆ ಗಡ್ಡೆ ಬಂದಿದೆ!" ಹೊರಗೆ ಬಂದು ನೋಡಿದರೆ ನಮ್ಮ ಮನೆಯಂಥ ನಾಲ್ಕು ಮನೆ ಹಿಡಿಸುವಷ್ಟು ದೊಡ್ಡ ಗಡ್ಡೆ, ಹಸಿರು ಜೊಂಡು ನೆಟ್ಟಗೆ ನಿಂತದ್ದು, ಕಟ್ಟೆಯ ಕಲ್ಲಿಗೆ ಮೈಯುಜ್ಜುತ್ತ ನಿಂತಿತ್ತು. ಪಕ್ಕದ ಕಟ್ಟೆಯವರು ಆಗಲೇ ಗೂಟ ಹೊತ್ತುಕೊಂಡು ಬರುತ್ತಿದ್ದರು.

"ಅಣ್ಣ ಬಂದಿಲ್ಲವಲ್ಲಮ್ಮ," ಎಂದೆ.

"ಎಲ್ಲಿಗೆ ಹೋಗ್ತಾನೆ? ಗಾಳಿಗೆ ಆಚೆ ದಡದಲ್ಲಿ ಉಳ್ಕೊಂಡಿರ್ತಾನೆ. ಅವನು ಬರೋ ಹೊತ್ತಿಗೆ ಗಡ್ಡೆ ಹೋಗಿದ್ರೆ ನಮ್ಮಿಬ್ಬರನ್ನೂ ಬಿಡ್ತಾನಾ? ಹಿಡಿ ಗೂಟ."

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗಾಳಿ ಎದ್ದರೆ ಗಂಡಸರು ಆಚೆ ದಡದಲ್ಲಿ ಉಳಿಯುವುದು ನಾವು ಹುಟ್ಟಿದಾಗಿನಿಂದ ನೋಡಿದ್ದು. ನಾನು ಗೂಟ ಹಿಡಿದೆ, ಅಮ್ಮ ಕೊಡತಿ ಎತ್ತಿ ಹೊಡೆದಳು. ಪಕ್ಕದವರು ತಲುಪುವಷ್ಟರಲ್ಲಿ ನಾಲ್ಕೂ ಗೂಟ ಇಳಿದಿದ್ದವು. ಅವರು ಮುಖ ಸಿಂಡರಿಸಿಕೊಂಡು ಹೋದರು. ಅಮ್ಮ ಬೆವರು ಒರೆಸಿಕೊಳ್ಳುತ್ತ ನಕ್ಕಳು. ಆಚೆ ದಡದಿಂದ ದೋಣಿಗಳೆಲ್ಲ ಮಧ್ಯಾಹ್ನದೊಳಗೆ ವಾಪಸು ಬಂದವು, ಅಣ್ಣನದೊಂದು ಬಿಟ್ಟು.

ನಮ್ಮ ಕೆರೆಯ ಬಗ್ಗೆ ಒಂದು ಮಾತಿದೆ: ತಿಂದದ್ದನ್ನು ಮೂರು ದಿನಕ್ಕೆ ಕಕ್ಕುತ್ತದೆ. ಮುಳುಗಿದವರು ಯಾರೇ ಆಗಲಿ, ಮೂರನೆಯ ದಿನ ಮೇಲೆ ಬಂದು ಒಂದಲ್ಲ ಒಂದು ದಡ ಸೇರಿದ್ದಾರೆ. ಅದಕ್ಕೇ ಎಲ್ಲರೂ ಮೂರು ದಿನ ಹುಡುಕಿದರು. ದೋಣಿ ಹಾಕಿದರು, ಕೊಕ್ಕೆ ಇಳಿಸಿದರು, ಎಲ್ಲಾ ದಡ ನೋಡಿದರು. ಹೆಣವಿಲ್ಲ, ದೋಣಿಯಿಲ್ಲ, ಗಳವಿಲ್ಲ. ನಾಲ್ಕನೆಯ ದಿನ ಕೊಕ್ಕೆಗಳು ಮೇಲೆ ಬಂದವು. ಕೆರೆ ಕೊಟ್ಟಿಲ್ಲ ಎಂದರೆ ಕೆರೆಯಲ್ಲಿ ಇಲ್ಲ, ಅಷ್ಟೇ ಲೆಕ್ಕ.

ಹಾಗಾದರೆ ಎಲ್ಲಿ? ಅದಕ್ಕೆ ಉತ್ತರ ಕೊಟ್ಟವನು ಆಚೆ ದಡಕ್ಕೆ ಜನರನ್ನು ಹಾಯಿಸುತ್ತಿದ್ದ ದೋಣಿಯವ. ಅವನಿಗೆ ನಮ್ಮೂರಿನಲ್ಲಿ 'ಎಲ್ಲಾ ಕಂಡೋನು' ಎಂದೇ ಹೆಸರು. ಯಾವ ವಿಷಯ ತೆಗೆಯಿರಿ, "ನಾನೇ ಕಣ್ಣಾರೆ ಕಂಡೆ" ಎಂದು ಶುರು ಮಾಡುತ್ತಿದ್ದ. ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇವನಂಥವರಿಗಾಗಿಯೇ ಇರಬೇಕು. "ಗಾಳಿ ಏಳೋಕೆ ಮುಂಚೆ ಆಚೆ ದಡದ ರಸ್ತೇಲಿ ಬಸ್ ಹತ್ತಿದ. ನೀಲಿ ಅಂಗಿ. ನಾನೇ ಕಣ್ಣಾರೆ ಕಂಡೆ," ಎಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮವರು. ದೋಣಿ ಎಲ್ಲಿ ಎಂದು ಒಬ್ಬರಾದರೂ ಕೇಳಲಿಲ್ಲ. ಕೇಳಿದ್ದರೆ ಅದನ್ನೂ ಯಾರಿಗೋ ಮಾರುವುದನ್ನು ಅವನು ಕಣ್ಣಾರೆ ಕಂಡಿರುತ್ತಿದ್ದ.

ಅಮ್ಮ ಅಂದೇ ಅತ್ತಿಗೆಯ ಹಾಸಿಗೆಯನ್ನು ಹಿತ್ತಿಲಿನ ಜೊಂಡಿನ ಕೊಟ್ಟಿಗೆಗೆ ಎಸೆದಳು. "ಹೋಗು ಅಂದೆಯಲ್ಲ, ಹೋದ. ಸಂತೋಷವಾಯ್ತಾ? ನನ್ನ ಮಗನ್ನ ಓಡಿಸಿದವಳು ನನ್ನ ಸೂರಿನ ಕೆಳಗೆ ಮಲಗಬಾರದು." ಮನೆಯಿಂದ ಪೂರ್ತಿ ಹೊರಗೆ ಹಾಕಲಿಲ್ಲ, ಯಾಕೆಂದರೆ ಹೊಸ ಗಡ್ಡೆಯ ಜೊಂಡು ಕೊಯ್ಯಲು ಆಳು ಬೇಕಿತ್ತು. ಅವಳೂ ತವರಿಗೆ ಹೋಗಲಿಲ್ಲ. ಓಡಿಹೋದವನ ಹೆಂಡತಿ ಎನ್ನಿಸಿಕೊಂಡು ಆ ಬಾಗಿಲು ತಟ್ಟಲು ಅವಳಿಗೆ ಮುಖವಿರಲಿಲ್ಲ.

ಅಲ್ಲಿಂದ ಮುಂದಿನ ವರ್ಷಗಳನ್ನು ಹೇಗೆ ಹೇಳಲಿ? ದಿನದಲ್ಲಿ ಅರ್ಧ ಅವಳು ದಡದಲ್ಲಿ, ಉಳಿದರ್ಧ ಗಡ್ಡೆಯ ಮೇಲೆ. ಒದ್ದೆ ಬೇರಿನ ಮೇಲೆ ನಿಂತು ಕುಡುಗೋಲು ಬೀಸುವುದು, ಕಂತೆ ಕಟ್ಟುವುದು, ಕಟ್ಟೆಗೆ ಎಳೆಯುವುದು. ಅವಳ ಹಿಮ್ಮಡಿ ಒಡೆದು ಸೀಳಾಗಿರುತ್ತಿತ್ತು. ಅವಳು ಕೊಯ್ದ ಜೊಂಡನ್ನು ಒಳಗಿನ ಕೋಣೆಯಲ್ಲಿ ಅಮ್ಮನೂ ನಾನೂ ಹೆಣೆಯುತ್ತಿದ್ದೆವು. ಅಮ್ಮ ಅವಳ ಜೊತೆ ಒಂದು ಮಾತೂ ಆಡುತ್ತಿರಲಿಲ್ಲ. "ಅವಳಿಗೆ ಹೇಳು, ಉಪ್ಪು ಜಾಸ್ತಿಯಾಗಿದೆ." "ಅವಳಿಗೆ ಹೇಳು, ಕಂತೆ ಸಡಿಲವಾಗಿದೆ." ಅವಳು ಎದುರಿಗೇ ನಿಂತಿರುತ್ತಿದ್ದಳು. ನಾನು ಹೇಳುತ್ತಿದ್ದೆ.

ನಾನೇನು ಕಮ್ಮಿಯಿರಲಿಲ್ಲ. ನನಗೆ ಗೊತ್ತಾಗಿದ್ದ ಸಂಬಂಧ ಆ ವರ್ಷವೇ ಮುರಿಯಿತು. ಹೇಳದೆ ಕೇಳದೆ ಓಡಿಹೋಗುವವರ ವಂಶ ಬೇಡ ಎಂದು ಗಂಡಿನ ಕಡೆಯವರು ಹೇಳಿ ಕಳಿಸಿದರು. ಆಮೇಲೆ ಬಂದ ಎರಡು ಸಂಬಂಧಗಳೂ ಅದೇ ದಾರಿ ಹಿಡಿದವು. ಆ ಸಿಟ್ಟನ್ನೆಲ್ಲ ಇವಳ ಮೇಲೆ ತೀರಿಸಿಕೊಂಡೆ. ಅವಳು ದಡದಿಂದ ತಂದು ಕೊಟ್ಟಿಗೆಯ ಕಿಟಕಿಯಲ್ಲಿ ಜೋಡಿಸಿಟ್ಟಿದ್ದ ಬೇರಿನ ಚೆಂಡುಗಳನ್ನು ಒಂದು ದಿನ ಒಲೆಗೆ ಹಾಕಿದೆ, ಅವಳ ಕಣ್ಣೆದುರಿಗೇ. "ಉರೀತಾವೇನೇ? ಒಣಗಿರ್ಲಿಲ್ಲ ಅವು," ಎಂದಳು ಅಷ್ಟೇ. ನನಗೆ ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು.

ನಾನು ಬದಲಾದದ್ದು ಅಮ್ಮ ಹಾಸಿಗೆ ಹಿಡಿದ ಮೇಲೆ. ಎಡಗೈ ಎಡಗಾಲು ಬಿದ್ದುಹೋಯಿತು. ಒಂದು ವರ್ಷ ಎರಡು ತಿಂಗಳು ಅವಳ ಹೇಲು ಉಚ್ಚೆ ಬಾಚಿದವಳು, ಮಗ್ಗುಲು ಬದಲಿಸಿದವಳು, ಬೆನ್ನಿನ ಹುಣ್ಣಿಗೆ ಮದ್ದು ಹಚ್ಚಿದವಳು ಅತ್ತಿಗೆ. ಹೆತ್ತ ಮಗಳಾದ ನನಗೆ ಆ ನಾತಕ್ಕೆ ವಾಂತಿ ಬರುತ್ತಿತ್ತು. ಅಮ್ಮ ಆಗಲೂ ಗೋಡೆಯ ಕಡೆ ಮುಖ ಮಾಡಿ, "ಅವಳಿಗೆ ಹೇಳು, ನೀರು ಬಿಸಿಯಾಗಿದೆ," ಎನ್ನುತ್ತಿದ್ದಳು. ಸಾಯುವ ಮುನ್ನಾದಿನ ಅತ್ತಿಗೆ ಗಂಜಿ ಕುಡಿಸುತ್ತಿದ್ದಾಗ ಅಮ್ಮ ಮೊದಲ ಸಲ ನೇರವಾಗಿ ಅವಳ ಮುಖ ನೋಡಿದಳು. ಈಗಲಾದರೂ ಒಂದು ಒಳ್ಳೆಯ ಮಾತು ಬರುತ್ತದೆ ಎಂದು ನಾನು ಕಾದೆ.

"ಎಲ್ಲಿಗೆ ಕಳಿಸಿದೆ ನನ್ನ ಮಗನ್ನ?" ಎಂದಳು ಅಮ್ಮ.

ಅತ್ತಿಗೆ ಚಮಚ ಕೆಳಗಿಟ್ಟು, ಅಮ್ಮನ ಗಲ್ಲ ಒರೆಸಿ, ಎದ್ದು ಹೋದಳು. ಅಂದು ರಾತ್ರಿ ನಾನು ಅವಳ ಹಾಸಿಗೆಯನ್ನು ಕೊಟ್ಟಿಗೆಯಿಂದ ಒಳಗೆ ತಂದು ಹಾಸಿದೆ. ಬೇಡ ಎಂದಳು. ನಾನು ಜಗಳವಾಡಿ ಮಲಗಿಸಿದೆ.

ಅಮ್ಮ ಹೋದ ನಾಲ್ಕನೆಯ ವರ್ಷ ಮಳೆ ಕೈಕೊಟ್ಟಿತು. ಕೆರೆ ಇಳಿಯುತ್ತ ಇಳಿಯುತ್ತ ದಡ ನೂರು ಹೆಜ್ಜೆ ಆಚೆಗೆ ಸರಿಯಿತು. ಕಟ್ಟೆಗಳ ಬುಡದ ಆಳದಲ್ಲಿ ಮಾತ್ರ ಒಂದಿಷ್ಟು ಕೆಸರುನೀರು ಉಳಿಯಿತು. ಅತ್ತಿಗೆಗೆ ಹಬ್ಬ, ಯಾವತ್ತೂ ಕಾಣದ ನೆಲವೆಲ್ಲ ಕಾಣುತ್ತಿತ್ತು. ಅಗುಳಿ ಸಮೇತ ಒಂದು ಬಾಗಿಲು ಸಿಕ್ಕಿತು. ಶಾಲೆಯ ಹಾರಿಹೋದ ತಗಡು ಸಿಕ್ಕಿತು, ಜರಡಿಯಂತೆ ತೂತು ಬಿದ್ದು. ಹಲಗೆ ಸಿಗಲಿಲ್ಲ. ಅವಳಿಗೆ ಆಗ ಐವತ್ತು ತುಂಬುತ್ತಿತ್ತು, ಮಂಡಿ ನೋಯುತ್ತಿತ್ತು, ಆದರೂ ದಿನಕ್ಕೆರಡು ಸಲ ಹೋಗುತ್ತಿದ್ದಳು.

ಬಿಸಿಲು ಏರಿದ ಹಾಗೆ ನಮ್ಮ ಗಡ್ಡೆ ಉಬ್ಬತೊಡಗಿತು. ಮೊದಲು ಕಂಡವಳು ಅವಳೇ. "ಬಾ ಇಲ್ಲಿ, ನಡುವೆ ನೋಡು, ಎದ್ದಿದೆ," ಎಂದಳು. ನಿಜವಾಗಿಯೂ ಗಡ್ಡೆಯ ನಡುಭಾಗ ಮೊಳದೆತ್ತರ ಮೇಲೆದ್ದಿತ್ತು. ಸುತ್ತಲ ನೀರಿನಲ್ಲಿ ಗುಳುಗುಳು ಗುಳ್ಳೆ, ಕೊಳೆತ ಮೊಟ್ಟೆಯ ವಾಸನೆ. ಸೀಸೆ ಸಾಹೇಬ ಬಂದು ನೋಡಿ, ಕೆಳಗೆ ಬೇರು ಕೊಳೆತು ಗಾಳಿ ತುಂಬಿಕೊಂಡಿದೆ, ನೀರು ಕಡಿಮೆಯಾಗಿ ಬಿಸಿಯಾದರೆ ಹೀಗಾಗುತ್ತದೆ, ಅದರ ಮೇಲೆ ಯಾರೂ ಹೋಗಬೇಡಿ ಎಂದ. ಮುಂದಿನ ವಾರವೆಲ್ಲ ಗೂಟಗಳು ಕಿರುಗುಟ್ಟುವುದು ಮನೆಯೊಳಗೆ ಕೇಳುತ್ತಿತ್ತು.

ಒಂದು ಮಧ್ಯಾಹ್ನ ನಾವಿಬ್ಬರೂ ಕಟ್ಟೆಯ ಮೇಲೆ ಜೊಂಡು ಒಣಹಾಕುತ್ತಿದ್ದೆವು. ದೊಡ್ಡದೊಂದು ನಿಟ್ಟುಸಿರಿನಂಥ ಸದ್ದು ಬಂತು. ಗಡ್ಡೆ ನಡುವೆ ಸೀಳಿ, ಅರ್ಧ ಭಾಗ ನಿಧಾನವಾಗಿ ಮೇಲೆದ್ದು, ಮಗ್ಗುಲಾಗಿ, ಬೆನ್ನು ಕೆಳಗಾಗಿ ಹೊಟ್ಟೆ ಮೇಲಾಗಿ ಬಿತ್ತು. ಇಪ್ಪತ್ತೆರಡು ವರ್ಷ ಕತ್ತಲಲ್ಲಿದ್ದ ಕರಿ ಬೇರುಗಳೆಲ್ಲ ಬಿಸಿಲಿಗೆ ಬಂದು ನೀರು ಸುರಿಸುತ್ತಿದ್ದವು. ಬೇರುಗಳ ನಡುವೆ ಒಂದು ದೋಣಿ ಕವುಚಿಕೊಂಡಿತ್ತು.

ಅತ್ತಿಗೆ ಕೈಯಲ್ಲಿದ್ದ ಜೊಂಡನ್ನು ಕೆಳಗಿಟ್ಟು ಕೆಸರಿಗೆ ಇಳಿದಳು. ಸೊಂಟದವರೆಗೆ ಹೂತುಹೋಗುತ್ತ ಹೋಗಿ, ದೋಣಿಯ ಮೂತಿಯ ಮೇಲಿನ ಕೆಸರನ್ನು ಅಂಗೈಯಿಂದ ಒರೆಸಿದಳು. ಅಲ್ಲಿ ಎಣ್ಣೆ ಡಬ್ಬಿಯ ತಗಡಿನ ತೇಪೆಯಿತ್ತು, ನಾಲ್ಕು ಮೊಳೆ ಹೊಡೆದದ್ದು. ಅಣ್ಣ ಆ ತೇಪೆ ಹಾಕುವಾಗ ಬೆರಳು ಜಜ್ಜಿಕೊಂಡು ಬೈದದ್ದು ನನಗೂ ನೆನಪಿದೆ. ಅವಳು ಬೇರುಗಳನ್ನು ಬಿಡಿಸುತ್ತ ಹೋದಳು. ದೋಣಿಯ ಕೆಳಗೆ ಎಲುಬುಗಳಿದ್ದವು. ಸೊಂಟದ ಪಟ್ಟಿಯ ಚರ್ಮ ಕೂಡ ಹಾಳಾಗಿರಲಿಲ್ಲ.

ಏನಾಗಿತ್ತೆಂದು ಊರಿನ ಗಂಡಸರಿಗೆ ನೋಡಿದ ಕೂಡಲೇ ತಿಳಿಯಿತು. ಗಾಳಿ ಎದ್ದಾಗ ದೋಣಿಯನ್ನು ಜೊಂಡಿನೊಳಗೆ ನುಗ್ಗಿಸಿ ಅಡಗುವುದು ಎಲ್ಲರೂ ಮಾಡುವುದೇ. ಅಣ್ಣ ಹಾಗೆ ನುಗ್ಗಿಸಿದ್ದಾನೆ. ಅಂದಿನ ಗಾಳಿಗೆ ಜೊಂಡೇ ಕಿತ್ತುಬಂದು ದೋಣಿಯ ಮೇಲೆ ಹತ್ತಿದೆ. ಅವನನ್ನು ಕೆಳಗೆ ಸಿಕ್ಕಿಸಿಕೊಂಡು ರಾತ್ರಿಯೆಲ್ಲ ತೇಲಿ, ಬೆಳಿಗ್ಗೆ ನಮ್ಮ ಕಟ್ಟೆಗೆ ತಾಗಿದೆ. ಅವನು ಮನೆಗೆ ಬಂದಿದ್ದ. ನಾನೂ ಅಮ್ಮನೂ ಅವನನ್ನು ನೋಡದೆ, ನಗುತ್ತ, ಅಲ್ಲೇ ಜಡಿದು ನಿಲ್ಲಿಸಿದೆವು. ನಮ್ಮ ಒಂದು ಗೂಟ ದೋಣಿಯ ತಳದ ಹಲಗೆಯನ್ನು ಸೀಳಿಕೊಂಡು ಹೋಗಿತ್ತು. ಅದನ್ನು ನೋಡಿ ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ.

ಊರೆಲ್ಲ ಸೇರಿತ್ತು. ಅತ್ತಿಗೆ ಕೆಸರಲ್ಲೇ ನಿಂತು ಕೇಳಿದಳು: "ಎಲ್ಲಿ, ಎಲ್ಲಾ ಕಂಡೋನು ಎಲ್ಲಿ? ಮುಂದೆ ಬಾರಪ್ಪ."

ಅವನಿಗೆ ಈಗ ಎಪ್ಪತ್ತರ ಮೇಲೆ. ಊರುಗೋಲು ಊರಿಕೊಂಡು ಮುಂದೆ ಬಂದ.

"ಬಸ್ ಹತ್ತಿದ್ದು ಯಾರು?"

"ನೀಲಿ ಅಂಗಿ ಇತ್ತಮ್ಮ..."

"ಮುಖ ನೋಡಿದ್ಯಾ?"

"ಬೆನ್ನು ಕಂಡಿತ್ತು," ಎಂದ ಅವನು, ನೆಲ ನೋಡುತ್ತ.

"ಬೆನ್ನು! ಯಾವನದೋ ಬೆನ್ನು ನೋಡಿ ನನ್ನ ಬಾಳು ಮಣ್ಣು ಮಾಡಿದೆಯಲ್ಲೋ!"

ಅವನು ಅಲ್ಲೇ ಕುಸಿದು ಕೂತು ಮಗುವಿನಂತೆ ಅತ್ತ. ಅವಳಿಗೆ ಅವನ ಅಳು ಬೇಕಾಗಿರಲಿಲ್ಲ. ಸಂಜೆ ಕೈಕಾಲು ತೊಳೆದುಕೊಂಡು, ಬೇರೆ ಬಟ್ಟೆಯುಟ್ಟು, ನಲವತ್ತು ಮನೆಯ ಬಾಗಿಲಿಗೂ ಹೋದಳು. "ಅವರು ಓಡಿಹೋಗಿರಲಿಲ್ಲ. ಸತ್ತುಹೋಗಿದ್ದರು," ಎಂದು ಪ್ರತಿಯೊಂದು ಬಾಗಿಲಲ್ಲೂ ನಿಂತು ಹೇಳಿದಳು. ಮಗು ಹುಟ್ಟಿದ ಸುದ್ದಿ ಹೇಳುವವರ ಮುಖದಲ್ಲಿ ಮಾತ್ರ ನಾನು ಅಂಥ ಕಳೆ ಕಂಡಿದ್ದೆ. ನನಗೆ ಭಯವಾಯಿತು. ಹಿಂದೆ ಹಿಂದೆಯೇ ನಡೆದೆ, ಎಲ್ಲಿಯಾದರೂ ಬಿದ್ದಾಳು ಎಂದು.

ಪೊಲೀಸರು ಎಲುಬುಗಳನ್ನು ತೆಗೆದುಕೊಂಡು ಹೋಗಿ ಎಂಟು ದಿನಕ್ಕೆ ವಾಪಸು ಕೊಟ್ಟರು. ಮಣ್ಣು ಮಾಡಲು ಇಡೀ ಬೀದಿ ಬಂದಿತ್ತು. ಇಪ್ಪತ್ತೆರಡು ವರ್ಷ ಅವಳ ನೆರಳು ಕಂಡರೆ ಪಕ್ಕಕ್ಕೆ ಸರಿಯುತ್ತಿದ್ದ ಹೆಂಗಸರು ಅವಳನ್ನು ತಬ್ಬಿಕೊಂಡು ಗೋಳೋ ಎಂದು ಅತ್ತರು. ಅವಳು ಒಬ್ಬೊಬ್ಬರನ್ನೂ ಸಮಾಧಾನ ಮಾಡಿ ಕಳಿಸಿದಳು. ತಾನು ಅ‌ಳಲಿಲ್ಲ.

ಮಧ್ಯಾಹ್ನ ಮನೆಗೆ ಬಂದೆವು. ಅವಳು ಒಳಗಿನ ಕೋಣೆಯಲ್ಲಿ ಅರ್ಧ ಹೆಣೆದಿದ್ದ ಚಾಪೆಯ ಮುಂದೆ ಕೂತಳು, ಹೆಣೆಯಲಿಲ್ಲ. ನನ್ನ ಎದೆಯೊಳಗಿದ್ದದ್ದು ಎಂಟು ದಿನದಿಂದ ನನ್ನನ್ನು ತಿನ್ನುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಅವಳಿಗೆ ಗೊತ್ತಾಗುತ್ತಲೇ ಇರಲಿಲ್ಲ. ಆದರೆ ಹೇಳದೆ ಅವಳೆದುರು ಊಟ ಮಾಡಲು ನನ್ನಿಂದ ಆಗುತ್ತಿರಲಿಲ್ಲ.

"ಅತ್ತಿಗೆ, ಆ ಮೂರನೇ ಗೂಟ ನಾನು ಹಿಡ್ಕೊಂಡಿದ್ದೆ. ಅರ್ಧ ಇಳಿದ ಮೇಲೆ ಏನೋ ಗಟ್ಟಿ ತಗುಲ್ತು. ಅಮ್ಮಂಗೆ ಹೇಳಿದೆ. ಬೇರಿರಬೇಕು, ಅಲ್ಲಾಡಿಸದೆ ಹಿಡ್ಕೋ ಅಂದಳು. ಹಿಡ್ಕೊಂಡೆ."

ಅವಳು ಚಾಪೆಯಿಂದ ಚಾಚಿದ್ದ ಎಳೆಯೊಂದನ್ನು ಉಗುರಿನಿಂದ ಸೀಳಿದಳು.

"ಗೂಟ ಹೊಡೀದೆ ಇದ್ದಿದ್ರೆ ಗಡ್ಡೆ ಗಾಳಿಗೆ ಸರಿದು ಹೋಗ್ತಿತ್ತು. ಅಣ್ಣ ಮೂರೇ ದಿನಕ್ಕೆ ಮೇಲೆ ಬರ್ತಿದ್ದ. ನಿನಗೆ ಇಷ್ಟೆಲ್ಲಾ ಆಗ್ತಿರಲಿಲ್ಲ. ಇದೆಲ್ಲಾ ನಾವು ಮಾಡಿದ್ದು, ನಾನೂ ಅಮ್ಮನೂ. ನನಗೆ ಏನು ಬೇಕಾದರೂ ಅನ್ನು. ಹೊಡಿ."

ಅವಳು ನನ್ನ ಮುಖ ನೋಡಿದಳು. ಕೋಪವಿರಲಿಲ್ಲ. ಆಮೇಲೆ ಗೂಟದ ಮಾತೇ ಎತ್ತದೆ ಬೇರೆಯದನ್ನು ಕೇಳಿದಳು.

"ನೀನು ನಂಬಿದ್ದೆಯೇನೇ? ಅವರು ಓಡಿಹೋದರು ಅಂತ?"

ಇಲ್ಲ ಎಂದುಬಿಡೋಣ ಎನ್ನಿಸಿತು. ಅವಳ ಕಣ್ಣು ನೋಡಿ ಆಗಲಿಲ್ಲ. "ನಂಬಿದ್ದೆ," ಎಂದೆ.

"ನಾನೂ ನಂಬಿದ್ದೆ," ಎಂದಳು ಅತ್ತಿಗೆ.

ನನಗೆ ಮೊದಲು ಅರ್ಥವಾಗಲಿಲ್ಲ.

"ದಡಕ್ಕೆ ಹೋಗ್ತಿದ್ದದ್ದು ಊರಿನ ಬಾಯಿ ಮುಚ್ಚಿಸೋಕೆ. ಒಳಗೊಳಗೇ ನನಗೆ ಗೊತ್ತಿತ್ತು, ಏನೂ ಸಿಗಲ್ಲ ಅಂತ. ಹೋಗು ಅಂದೆ, ಹೋದರು. ನನ್ನಂಥ ಬಾಯಿಬಡುಕಿ ಜೊತೆ ಯಾರು ಬಾಳ್ತಾರೆ ಅಂತ ನಾನೇ ಅಂದ್ಕೊಂಡಿದ್ದೆ. ಗಡ್ಡೆ ಮೇಲೆ ಜೊಂಡು ಕೊಯ್ಯೋವಾಗ ದಿನಾ ಬೈತಿದ್ದೆ ಕಣೇ. ಅಲ್ಲಿ ಯಾರೂ ಕೇಳೋರಿರಲಿಲ್ಲವಲ್ಲ. ಯಾವಳ ಜೊತೆ ಇದ್ದೀಯೋ, ಅವಳೂ ನಿನ್ನ ಹಿಂಗೇ ನಡುನೀರಲ್ಲಿ ಬಿಟ್ಟು ಹೋಗ್ಲಿ. ನಿನ್ನ ಹೆಣ ಎತ್ತೋಕೂ ಒಂದು ಜನ ಸಿಗದೆ ಹೋಗ್ಲಿ ಅಂತ. ಬಾಯಿಬಿಟ್ಟು ಹೇಳ್ತಿದ್ದೆ, ಜೋರಾಗಿ. ಅವರು ಅಲ್ಲೇ ಇದ್ದರು. ನನ್ನ ಕಾಲ ಕೆಳಗೇ ಇದ್ದರು."

ಆಗ ಅವಳಿಗೆ ಅಳು ಬಂತು. ಚಾಪೆಯ ಮೇಲೆ ಬಗ್ಗಿ, ಎರಡೂ ಕೈಯಿಂದ ಬಾಯಿ ಒತ್ತಿಹಿಡಿದುಕೊಂಡು ಅತ್ತಳು. ನಾನು ಹತ್ತಿರ ಹೋಗಿ ಭುಜ ಹಿಡಿದೆ. ಅವಳು ನನ್ನ ಕೈಯನ್ನು ಮೆಲ್ಲಗೆ ತೆಗೆದಳು.

"ನೀನು ಹೊರಗೆ ಹೋಗು," ಎಂದಳು. "ಅವರ ಹತ್ತಿರ ಒಂದು ಮಾತಾಡಬೇಕು."

ನಾನು ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡೆ.